ನಾಥಸಾಗರದಿಂದ ಗೌತಾಳಾ ಕಾಡಿಗೆ: ಹುಲಿ ನಡೆದು ಬಂದ ನಾಡಿನಲ್ಲಿ ಒಂದು ವಸಂತ

2021ರ ಮಾರ್ಚ್ ತಿಂಗಳಲ್ಲಿ, ಮುತ್ತುಗ ಹೂ ಬಿಟ್ಟು ಬೆಟ್ಟವೆಲ್ಲ ಕೆಂಪಾಗಿದ್ದ ಹೊತ್ತಿನಲ್ಲಿ, ಗೌತಾಳಾ ಔತ್ರಮ್‌ಘಾಟ್ ಅಭಯಾರಣ್ಯದ ಕ್ಯಾಮೆರಾ ಟ್ರ್ಯಾಪ್ ಒಂದರಲ್ಲಿ ಹುಲಿಯ ಚಿತ್ರ ಸೆರೆಯಾಯಿತು. ಔರಂಗಾಬಾದ್ ಜಿಲ್ಲೆಯ ಆ ಕಾಡಿನಲ್ಲಿ ಹುಲಿ ಕಂಡು ಎಷ್ಟೋ ಕಾಲವಾಗಿತ್ತು. ಹಳೆಯ ದಾಖಲೆಗಳು 1940ರ ದಶಕಕ್ಕೇ ನಿಂತುಹೋಗಿದ್ದವು. ಮೈಪಟ್ಟೆ ಹೋಲಿಸಿ ನೋಡಿದಾಗ ಅದು ಯವತಮಾಳ ಜಿಲ್ಲೆಯ ಟಿಪೇಶ್ವರ ಅಭಯಾರಣ್ಯದ ಎಳೆಯ ಗಂಡು ಎಂದು ತಿಳಿಯಿತು. ಹೊಲ, ಹಳ್ಳ, ಹೆದ್ದಾರಿ, ಊರು ದಾಟಿ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ನಡೆದು ಬಂದಿತ್ತು.

ಆ ಜಿಲ್ಲೆ ಸೇರಿರುವ ಮರಾಠವಾಡದಲ್ಲಿ ಒಂದೂ ರಾಷ್ಟ್ರೀಯ ಉದ್ಯಾನವಿಲ್ಲ. ಮಹಾರಾಷ್ಟ್ರಕ್ಕೆ ಇರುವ ಆರರಲ್ಲಿ ತಾಡೋಬಾ, ಪೆಂಚ್, ನವೇಗಾಂವ್, ಗುಗಾಮಲ್ ನಾಲ್ಕೂ ವಿದರ್ಭದ ಪಾಲು. ಸಂಜಯ್ ಗಾಂಧಿ ಉದ್ಯಾನ ಮುಂಬೈ ಮಗ್ಗುಲಲ್ಲಿದೆ, ಚಾಂದೋಲಿ ಸಹ್ಯಾದ್ರಿಯಲ್ಲಿದೆ. ಈಗ ಛತ್ರಪತಿ ಸಂಭಾಜಿನಗರ ಎನಿಸಿಕೊಂಡಿರುವ ಔರಂಗಾಬಾದಿನ ಕಡೆಗೆ ಹೊರಟ ಕನ್ನಡದ ಕುಟುಂಬಗಳು ಎಲ್ಲೋರಾ, ಅಜಂತಾ, ದೌಲತಾಬಾದ್, ಶಿರಡಿ ಮುಗಿಸಿ ಬಂದುಬಿಡುವುದೂ ಅದಕ್ಕೇ. ಕಾಡು ನೋಡಬೇಕೆಂದರೆ ನಮಗೆ ಬಂಡೀಪುರವಿದೆ, ನಾಗರಹೊಳೆಯಿದೆ. ಅಲ್ಲಿ ಜೀಪಿನಲ್ಲಿ ಕೂತರೆ ಹುಲಿ ಕಂಡೀತೋ ಕಾಣದೋ ಎಂಬ ಒಂದೇ ಪ್ರಶ್ನೆಯಲ್ಲಿ ಹೊತ್ತು ಕಳೆಯುತ್ತದೆ. ಆದರೆ ಸಂಭಾಜಿನಗರದ ಹತ್ತಿರ, ತಮ್ಮ ಇರುವ ಬಿಡಕಿನ್‌ನಿಂದ ದಕ್ಷಿಣಕ್ಕೆ ನಾಥಸಾಗರ ಜಲಾಶಯ, ಉತ್ತರಕ್ಕೆ ಗೌತಾಳಾ ಇರುವ ಸಾತಮಾಳಾ ಬೆಟ್ಟಸಾಲು. ಇವೆರಡನ್ನೂ ಒಟ್ಟಿಗೆ ನೋಡಿ ಬಂದ ಮೇಲೆ ನನಗೆ ಖಚಿತವಾಗಿ ಅನ್ನಿಸಿದೆ: ಕುಟುಂಬ ಸಮೇತ ವಸಂತದಲ್ಲಿ ಹೊರಡುವುದಕ್ಕೆ ರಾಷ್ಟ್ರೀಯ ಉದ್ಯಾನದ ಬೋರ್ಡು ಬೇಕಿಲ್ಲ. ಆ ಹುಲಿ ಒಂದೇ ನಾಡೆಂದು ತಿಳಿದು ನಡೆದ ನೆಲವನ್ನು ನಾವೂ ಹಾಗೆಯೇ ನೋಡಿದರೆ ಸಾಕು.

ವಿಜಯಪುರದ ನಮಗೆ ಇದು ನೇರ ದಾರಿ. ಅಂಕೋಲೆಯಲ್ಲಿ ಕಡಲು ಬಿಟ್ಟು ಯಲ್ಲಾಪುರ, ಹುಬ್ಬಳ್ಳಿ ಹಾದು ನಮ್ಮೂರಿಗೆ ಬರುವ ರಾಷ್ಟ್ರೀಯ ಹೆದ್ದಾರಿ 52 ಮುಂದೆ ಸೊಲ್ಲಾಪುರ, ತುಳಜಾಪುರ, ಧಾರಾಶಿವ, ಬೀಡ ದಾಟಿ ಸಂಭಾಜಿನಗರಕ್ಕೆ ಹೋಗುತ್ತದೆ. ಅಲ್ಲಿಂದ ಗೌತಾಳಾ ಕಾಡಿನ ಘಾಟಿಯನ್ನೇ ಇಳಿದು ಧುಳೆ ಕಡೆಗೆ ಸಾಗುತ್ತದೆ. ನಾಲ್ಕು ನೂರು ಕಿಲೋಮೀಟರಿಗೆ ಸ್ವಲ್ಪ ಮೇಲೆ. ನಸುಕಿನಲ್ಲಿ ಬುತ್ತಿ ಕಟ್ಟಿಕೊಂಡು ಹೊರಟರೆ ಸಂಜೆಯೊಳಗೆ ಆರಾಮಾಗಿ ಮುಟ್ಟಬಹುದು. ಕಾರಿನಲ್ಲಿ ಅಮ್ಮ, ಹೆಂಡತಿ, ಮಗಳು; ಬಿಡಕಿನ್‌ನಲ್ಲಿ ತಮ್ಮನ ಮನೆ. ಧಾರಾಶಿವ ದಾಟಿದ ಮೇಲೆ ಎಡಶಿ ಹತ್ತಿರ ರಸ್ತೆ ಪಕ್ಕದ ಗುಡ್ಡಗಳಲ್ಲಿ ರಾಮಲಿಂಗ ಘಾಟ್ ಅಭಯಾರಣ್ಯ ಬರುತ್ತದೆ. ಕುರುಚಲು ಕಾಡು, ಪುಟ್ಟದು. 2024ರ ಕೊನೆಯಲ್ಲಿ ಅಲ್ಲಿಗೂ ಒಂದು ಹುಲಿ ಬಂದಿತು, ಅದೂ ಟಿಪೇಶ್ವರದ್ದೇ. ಮಗಳು ಕಾರಿನ ಗಾಜು ಇಳಿಸಿ ಬಹಳ ಹೊತ್ತು ಆ ಗುಡ್ಡಗಳನ್ನೇ ನೋಡುತ್ತಿದ್ದಳು. ಎಮ್ಮೆ ಮೇಯುತ್ತಿದ್ದವು, ಪಕ್ಕದಲ್ಲಿ ಕಬ್ಬಿನ ಟ್ರ್ಯಾಕ್ಟರು. ಇಂಥ ಜಾಗದಲ್ಲೂ ಹುಲಿ ಇರಬಲ್ಲದು ಎಂಬ ತಿಳಿವಳಿಕೆ ಯಾವ ಸಫಾರಿಯಲ್ಲೂ ಸಿಗುವುದಿಲ್ಲ.

ಪಾಚೋಡ್ ಬಳಿ ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿದರೆ ಪೈಠಣ. ಅಲ್ಲಿಂದ ಉತ್ತರಕ್ಕೆ ಮೂವತ್ತು ಕಿಲೋಮೀಟರ್ ಸುಮಾರಿಗೆ ಬಿಡಕಿನ್. ಮೊನ್ನೆಮೊನ್ನೆಯವರೆಗೂ ಹತ್ತಿ, ಜೋಳ, ಮೋಸಂಬಿಯ ಊರು. ದೆಹಲಿ–ಮುಂಬೈ ಕೈಗಾರಿಕಾ ಕಾರಿಡಾರ್‌ನ ಭಾಗವಾಗಿ ಇಲ್ಲಿ 7,855 ಎಕರೆ ಜಾಗ ಕೈಗಾರಿಕಾ ಪ್ರದೇಶವಾಯಿತು. 2024ರ ಸೆಪ್ಟೆಂಬರ್ 29ರಂದು ಅದರ ಲೋಕಾರ್ಪಣೆ. ನಮ್ಮ ಬಿಡದಿಯ ಟೊಯೊಟಾ ಕಿರ್ಲೋಸ್ಕರ್, ಬೆಂಗಳೂರಿನ ಏಥರ್ ಎರಡೂ ಸಂಭಾಜಿನಗರದ ಈ ಕಡೆಗೆ ಕಾರ್ಖಾನೆ ತರುವುದಾಗಿ ಅದೇ ವರ್ಷ ಹೇಳಿದವು. ಹೀಗೆ ಕನ್ನಡ ಮಾತಾಡುವ ಮನೆಗಳು ಇಲ್ಲಿ ಒಂದೊಂದಾಗಿ ಹೆಚ್ಚುತ್ತಿವೆ. ಅಗಲವಾದ ಹೊಸ ರಸ್ತೆಗಳು, ಸಾಲು ದೀಪ, ಇನ್ನೂ ಖಾಲಿ ಇರುವ ನಿವೇಶನಗಳು. ಭಾನುವಾರ ಬಂದರೆ ಎಲ್ಲಿಗೆ ಹೋಗುವುದೆಂಬ ಚಿಂತೆ ತಮ್ಮನಂಥವರಿಗೆ. ಮಾಲ್ ಬೇಕೆಂದರೆ ನಗರಕ್ಕೆ ಹೋಗಬೇಕು. ಬೆಳಗಿನ ಐದೂವರೆಗೆ ಎದ್ದರೆ ರಾಜಹಂಸಗಳು ಸಿಗುವಷ್ಟು ಹತ್ತಿರ ನಾಥಸಾಗರವಿದೆ ಎಂಬುದು ಅವನ ಬೀದಿಯಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ.

ನಾಥಸಾಗರ ಎಂದರೆ ಜಾಯಕವಾಡಿ ಅಣೆಕಟ್ಟಿನ ಹಿನ್ನೀರು. 1965ರ ಅಕ್ಟೋಬರಿನಲ್ಲಿ ಲಾಲ್ ಬಹಾದುರ್ ಶಾಸ್ತ್ರಿ ಅಡಿಗಲ್ಲು ಹಾಕಿದರು, 1976ರ ಫೆಬ್ರುವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಗೋದಾವರಿಗೆ ಅಡ್ಡಲಾಗಿ ಹತ್ತು ಕಿಲೋಮೀಟರ್ ಉದ್ದದ ಮಣ್ಣಿನ ಕಟ್ಟೆ, ಇಪ್ಪತ್ತೇಳು ಗೇಟು. ತುಂಬಿದಾಗ ನೂರು ಟಿಎಂಸಿಗೂ ಹೆಚ್ಚು ನೀರು ನಿಲ್ಲುತ್ತದೆ, ಅಂದರೆ ನಮ್ಮ ಕನ್ನಂಬಾಡಿಯ ಎರಡು ಪಟ್ಟು. ಆದರೆ ಕನ್ನಂಬಾಡಿಯ ಹಾಗೆ ಇಲ್ಲಿ ಆಳವಿಲ್ಲ. ನೆಲ ಸಪಾಟು, ನೀರು ಹರಡಿ ನಿಂತಿದೆ: ಐವತ್ತು ಕಿಲೋಮೀಟರಿಗೂ ಮೀರಿದ ಉದ್ದ, ಒಟ್ಟು ಮುನ್ನೂರೈವತ್ತು ಚದರ ಕಿಲೋಮೀಟರಿನಷ್ಟು ಹರವು. ಇದಕ್ಕಾಗಿ ನೂರಕ್ಕೂ ಹೆಚ್ಚು ಹಳ್ಳಿಗಳು ಮುಳುಗಿದವು. ಆಲಮಟ್ಟಿಯಲ್ಲಿ ಊರು ಕಳೆದುಕೊಂಡವರನ್ನು ಹತ್ತಿರದಿಂದ ಬಲ್ಲ ನಮ್ಮ ಕಡೆಯವರು ಈ ನೀರಿನ ಮುಂದೆ ನಿಂತಾಗ ಬರೀ ಚಂದ ನೋಡಿ ಬರುವುದಕ್ಕಾಗುವುದಿಲ್ಲ. ಅಮ್ಮ ಮೊದಲು ಕೇಳಿದ್ದೇ ಅದನ್ನು: "ಇದರಾಗ ಎಷ್ಟು ಊರು ಹೋದವು?"

ಆಳವಿಲ್ಲದ ಈ ನೀರೇ ಹಕ್ಕಿಗಳಿಗೆ ವರವಾಯಿತು. 1986ರಲ್ಲಿ ಪಕ್ಷಿಧಾಮವೆಂದು ಘೋಷಣೆಯಾಯಿತು. ಚಳಿಗಾಲದಲ್ಲಿ ಉತ್ತರದಿಂದ ಬಾತುಗಳ ದಂಡು ಬರುತ್ತದೆ. ಪಟ್ಟೆತಲೆ ಹೆಬ್ಬಾತುಗಳೂ ಬರುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯ ಹಾರಿ ಬರುವುದೂ ಇದೇ ಜಾತಿ. ಮಾರ್ಚ್ ಬಂತೆಂದರೆ ಅವು ಹೊರಡುವ ತರಾತುರಿಯಲ್ಲಿರುತ್ತವೆ. ಹಾಗಾದರೆ ವಸಂತದಲ್ಲಿ ಯಾಕೆ ಹೋಗಬೇಕು ಎಂದು ಕೇಳಬಹುದು. ನೀರು ಇಳಿಯುತ್ತಾ ಹೋದಂತೆ ಅಂಚಿನಲ್ಲಿ ಕೆಸರು ಬಯಲಾಗುತ್ತದೆ. ಆ ಕೆಸರಿನಲ್ಲಿ ಹುಳ, ಸಣ್ಣ ಸೀಗಡಿ, ಪಾಚಿ ಕೊಕ್ಕಿಗೆಟುಕುವಷ್ಟು ಮೇಲೆ ಬರುತ್ತವೆ. ರಾಜಹಂಸಗಳಿಗೆ ಬೇಕಾದದ್ದು ಅದೇ. ಬಾತುಗಳು ಖಾಲಿ ಮಾಡಿದ ಜಾಗವನ್ನು ಅವು ತುಂಬುತ್ತವೆ.

ನಾವು ಪಿಂಪಳವಾಡಿ ಕಡೆಯ ದಂಡೆಗೆ ಹೋದಾಗ ಬೆಳಕು ಇನ್ನೂ ಪೂರ್ತಿ ಹರಿದಿರಲಿಲ್ಲ. ದೂರದಲ್ಲಿ ಬೂದು ಬಣ್ಣದ ಗೆರೆಯೊಂದು ಕಂಡಿತು. ತಮ್ಮನ ಮಗ ದುರ್ಬೀನು ಹಿಡಿದು "ಎಲ್ಲಾ ತಲೆಕೆಳಗೆ ಮಾಡಿ ತಿನ್ನಾಕತ್ತಾವ" ಎಂದ. ಅವನು ಕಂಡದ್ದು ಸರಿ. ರಾಜಹಂಸ ಕೊಕ್ಕನ್ನು ಮಗುಚಿ, ಮೇಲಿನ ದವಡೆ ಕೆಳಗೆ ಬರುವಂತೆ ನೀರಿನಲ್ಲಿ ಅದ್ದುತ್ತದೆ. ನಾಲಿಗೆಯಿಂದ ನೀರನ್ನು ಒಳಗೆಳೆದು ಹೊರದಬ್ಬುತ್ತಾ ಕೊಕ್ಕಿನ ಅಂಚಿನ ಜಾಲರಿಯಲ್ಲಿ ಆಹಾರ ಸೋಸಿಕೊಳ್ಳುತ್ತದೆ. ಕಾಲಿನಿಂದ ಕೆಸರು ತುಳಿದು ಕದಡುತ್ತಾ ನಿಧಾನವಾಗಿ ಮುಂದೆ ಸರಿಯುತ್ತದೆ. ಬಿಸಿಲೇರಿದಾಗ ಗುಂಪಿನ ಒಂದು ಕಡೆ ಎದ್ದಿತು. ರೆಕ್ಕೆ ಬಿಚ್ಚಿದ ಕ್ಷಣದಲ್ಲಿ ಮಾತ್ರ ಕಾಣುವ ಆ ಕಡುಗೆಂಪನ್ನು ಅಮ್ಮ ತನ್ನ ಕಣ್ಣಿನಿಂದಲೇ, ದುರ್ಬೀನಿನ ಹಂಗಿಲ್ಲದೆ ನೋಡಿದಳು. ಹತ್ತಿರದ ಕೆಸರಿನಲ್ಲಿ ಚಮಚದ ಕೊಕ್ಕುಗಳು, ಬಾಯ್ಕಳಕ, ಜೋಡಿ ಬಿಡದ ಚಕ್ರವಾಕ. ನಡುಗಡ್ಡೆಯ ಮೇಲೆ ರೀವಗಳ ಕೂಗಾಟ. ಇದೇ ಗೋದಾವರಿಯ ಮೇಲ್ಭಾಗದಲ್ಲಿ, ನಾಸಿಕ ಜಿಲ್ಲೆಯ ನಿಫಾಡ ಬಳಿ ನಾಂದೂರ್ ಮಧ್ಯಮೇಶ್ವರವಿದೆ. 2020ರಲ್ಲಿ ಅದು ಮಹಾರಾಷ್ಟ್ರದ ಮೊದಲ ರಾಮ್ಸಾರ್ ಜೌಗುತಾಣವೆಂದು ಘೋಷಣೆಯಾಯಿತು. ಸಮಯವಿದ್ದವರು ಎರಡನ್ನೂ ಸೇರಿಸಿಕೊಳ್ಳಬಹುದು.

ನೀರಿಳಿದ ನೆಲದಲ್ಲಿ ಹಕ್ಕಿಗಳಷ್ಟೇ ಅಲ್ಲ, ರೈತರೂ ಇಳಿಯುತ್ತಾರೆ. ಹೂಳಿನ ಮೇಲೆ ಬಿತ್ತುವ ಬೇಸಾಯಕ್ಕೆ ಇಲ್ಲಿ ಗಾಳಪೇರ ಎನ್ನುತ್ತಾರೆ. ಕಲ್ಲಂಗಡಿ, ಸೌತೆ, ತರಕಾರಿ. ಮೀನುಗಾರರ ತೆಪ್ಪಗಳೂ ಇವೆ. ಈ ನೀರಿನ ಮೇಲೆ ತೇಲುವ ಸೌರ ಫಲಕ ಹಾಸುವ ಯೋಜನೆ ಬಂದಾಗ ಮೀನುಗಾರ ಸಮುದಾಯದವರು ಕೋರ್ಟಿನ ಮೆಟ್ಟಿಲೇರಿದರು. ಮರಾಠವಾಡದ ಹೊಲಕ್ಕೆ, ಸಂಭಾಜಿನಗರದ ನಲ್ಲಿಗೆ, ಕಾರ್ಖಾನೆಗೆ, ಹಕ್ಕಿಗೆ, ಬಲೆಗೆ ಎಲ್ಲಕ್ಕೂ ಇದೊಂದೇ ನೀರು. ಮಕ್ಕಳಿಗೆ ಇದನ್ನು ದಂಡೆಯ ಮೇಲೆ ನಿಂತೇ ಹೇಳಬೇಕು. ಪಠ್ಯಪುಸ್ತಕದಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ.

ಪೈಠಣ ಊರಿನಲ್ಲಿ ಅಮ್ಮನಿಗೆ ಬೇರೆಯದೇ ಕೆಲಸವಿತ್ತು. ಸಂತ ಏಕನಾಥರ ಸಮಾಧಿ ನೋಡಬೇಕು. ಹೋಳಿ ಹುಣ್ಣಿಮೆಯ ನಂತರದ ಷಷ್ಠಿ ನಾಥಷಷ್ಠಿ. 1599ರಲ್ಲಿ ಏಕನಾಥರು ಗೋದಾವರಿಯಲ್ಲಿ ಜಲಸಮಾಧಿಯಾದ ದಿನ. ವಿಠ್ಠಲನ ಭಕ್ತರಾದ ವಾರಕರಿಗಳ ದಿಂಡಿಗಳು ನಾಲ್ಕೂ ದಿಕ್ಕಿನಿಂದ ನಡೆದು ಬರುತ್ತವೆ, ರಸ್ತೆಗಳು ತುಂಬಿಹೋಗುತ್ತವೆ. ಕಾರಿನಲ್ಲಿ ಹೋಗುವವರು ಆ ಎರಡು ಮೂರು ದಿನ ಬಿಟ್ಟು ಹೋಗುವುದು ಲೇಸು. ಏಕನಾಥರ ಮುತ್ತಜ್ಜ ಭಾನುದಾಸರು ಹಂಪಿಯಿಂದ ವಿಠ್ಠಲನನ್ನು ಪಂಢರಪುರಕ್ಕೆ ಮರಳಿ ತಂದರೆಂಬುದು ವಾರಕರಿಗಳ ನಂಬಿಕೆ. ಹಂಪಿಯ ವಿಜಯವಿಠ್ಠಲ ಗುಡಿಯಲ್ಲಿ ಮೂರ್ತಿ ಇಲ್ಲದ ಗರ್ಭಗುಡಿ ನೋಡಿ ಬಂದಿದ್ದ ಅಮ್ಮ ಏಕನಾಥರ ಸಮಾಧಿಯ ಬಳಿ ಬಹಳ ಹೊತ್ತು ಕೂತಳು. ಯುಗಾದಿಯ ದಿನ ನಮ್ಮ ಮನೆಗಳಲ್ಲಿ ಪಂಚಾಂಗ ಓದುವಾಗ ಬರುವ ಶಾಲಿವಾಹನ ಶಕೆಯನ್ನು ಜನ ಈ ಊರಿಗೇ ಸೇರಿಸುತ್ತಾರೆ. ಇತಿಹಾಸಕಾರರು ಕ್ರಿ.ಶ. 78ರ ಆ ಶಕೆಯನ್ನು ಉತ್ತರದ ಅರಸರ ಜೊತೆ ಹೊಂದಿಸಿದರೂ, ಪೈಠಣ ಸಾತವಾಹನರ ರಾಜಧಾನಿಯಾಗಿ ಮೆರೆದದ್ದಂತೂ ನಿಜ. ಅದೇ ಸಾತವಾಹನರ ಅರಸರನ್ನು ನಮ್ಮ ಕಲಬುರಗಿ ಜಿಲ್ಲೆಯ ಕನಗನಹಳ್ಳಿಯ ಸ್ತೂಪದ ಶಿಲ್ಪಗಳಲ್ಲಿ ಹೆಸರಿನ ಸಮೇತ ನೋಡಬಹುದು.

ಮರುದಿನ ಉತ್ತರಕ್ಕೆ. ಎಲ್ಲೋರಾದ ಬಗ್ಗೆ ಕನ್ನಡದಲ್ಲಿ ಬೇಕಾದಷ್ಟು ಬರೆದಾಗಿದೆ. ರಾಷ್ಟ್ರಕೂಟ ಒಂದನೆಯ ಕೃಷ್ಣನ ಕೈಲಾಸವನ್ನು ಬೆಳಗಿನ ಎರಡು ತಾಸಿನಲ್ಲಿ ನೋಡಿ ಮುಂದೆ ಹೊರಟೆವು. ಹೆದ್ದಾರಿಯಲ್ಲಿ ಕನ್ನಡ ಎಂಬ ತಾಲ್ಲೂಕು ಊರು ಬರುತ್ತದೆ. ಮಕ್ಕಳು ಬೋರ್ಡಿನ ಕೆಳಗೆ ಫೋಟೊ ತೆಗೆಸಿಕೊಳ್ಳದೆ ಬಿಡಲಿಲ್ಲ. ಆ ಊರು ದಾಟಿದರೆ ಗೌತಾಳಾ. 1986ರಲ್ಲಿ ಅಭಯಾರಣ್ಯವಾದ 260 ಚದರ ಕಿಲೋಮೀಟರ್ ಒಣ ಎಲೆಯುದುರು ಕಾಡು, ಒಂದು ಭಾಗ ಸಂಭಾಜಿನಗರ ಜಿಲ್ಲೆಯಲ್ಲಿ, ಇನ್ನೊಂದು ಜಳಗಾಂವ್ ಜಿಲ್ಲೆಯಲ್ಲಿ. ಚಿರತೆ, ನೀಲಗಾಯಿ, ಚಿಂಕಾರ, ಕಾಡುಹಂದಿ, ನವಿಲು ಇವೆ.

ಮಲೆನಾಡಿನ ಹಸಿರಿಗೆ ಒಗ್ಗಿದ ಕಣ್ಣು ವಸಂತದ ಈ ಕಾಡನ್ನು ಒಣಗಿದ ಕಾಡು ಎಂದುಕೊಂಡೀತು. ಎಲೆಯಿಲ್ಲ, ಹುಲ್ಲು ಬೆಳ್ಳಗಾಗಿದೆ, ಹಳ್ಳ ಬರಿದು. ಆದರೆ ಈ ಕಾಡು ವರ್ಷದಲ್ಲಿ ಅತಿ ಹೆಚ್ಚು ದುಡಿಯುವುದು ಈಗಲೇ. ನೀರು ಉಳಿಸಲು ಎಲೆ ಉದುರಿಸಿದ ಮರ, ಎಲೆ ಅಡ್ಡಬಾರದ ಹೊತ್ತಿನಲ್ಲಿ ಹೂ ಬಿಡುತ್ತದೆ. ದೂರದ ಹಕ್ಕಿಗೂ ಕಾಣಲೆಂದು. ರಸ್ತೆ ಬದಿಯ ಮುತ್ತುಗದ ಕೆಳಗೆ ಕಾರು ನಿಲ್ಲಿಸಿದೆವು. ಹೂವಿನ ಬುಡದಲ್ಲಿ ಕಂದು ಮಖಮಲ್ಲಿನಂಥ ಬಟ್ಟಲು, ಅದರಿಂದ ಬಾಗಿ ಹೊರಬಂದ ಕಿತ್ತಳೆಗೆಂಪು ಎಸಳು, ತುದಿ ಗಿಣಿಯ ಕೊಕ್ಕಿನಷ್ಟೇ ಚೂಪು. ಮೈನಾ ಬಂದು ಎಸಳನ್ನು ಒತ್ತಿ ತಲೆ ತೂರಿಸಿದಾಗ ಒಳಗಿದ್ದ ಕೇಸರ ಹೊರಗೆ ಚಿಮ್ಮಿ ಅದರ ಹಣೆಗೆ ಹಳದಿ ಪುಡಿ ಬಳಿಯಿತು. ಅದೇ ಹಣೆಯಲ್ಲಿ ಅದು ಪಕ್ಕದ ಮರಕ್ಕೆ ಹಾರಿತು. ಪರಾಗಸ್ಪರ್ಶ ಎಂದು ಮಗಳು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಅವಳ ಕಣ್ಣೆದುರೇ ನಡೆಯಿತು. ಅಮ್ಮ ನೆಲಕ್ಕೆ ಬಿದ್ದ ಹೂ ಆರಿಸಲು ಬಗ್ಗಿದಳು. ಹೋಳಿಗೆ ಇದನ್ನೇ ಕುದಿಸಿ ಬಣ್ಣ ಮಾಡುತ್ತಿದ್ದೆವು ಎಂದಳು. ಅಭಯಾರಣ್ಯದಿಂದ ಏನನ್ನೂ ಒಯ್ಯುವಂತಿಲ್ಲ ಎಂದು ಮೊಮ್ಮಗಳು ನೆನಪಿಸಿದ ಮೇಲೆ ಹೂವನ್ನು ಅದೇ ಮರದ ಬುಡಕ್ಕೆ ಏರಿಸಿ ಕೈ ಮುಗಿದಳು.

ಹಿಪ್ಪೆ ಮರದ ಹೂ ಮಾತ್ರ ಬೆಳಗಿನ ಜಾವವೇ ಉದುರುತ್ತದೆ. ಮಂದವಾದ, ಸಿಹಿ ಹುಳಿ ಬೆರೆತ ವಾಸನೆ ಬಿಸಿಲೇರುವವರೆಗೂ ಕಾಡಿನಲ್ಲಿ ನಿಂತಿರುತ್ತದೆ. ಹಿಪ್ಪೆ ಬೆಳೆಯುವ ಮಧ್ಯ ಭಾರತದ ಕಾಡುಗಳಲ್ಲೆಲ್ಲ ಈ ತಿಂಗಳುಗಳ ದೊಡ್ಡ ಭಯ ಬೆಂಕಿಯದು. ಹೂ ಆರಿಸಲು ನೆಲ ಸ್ವಚ್ಛವಿರಲೆಂದು ತರಗೆಲೆಗೆ ಹಚ್ಚಿದ ಕಿಡಿ, ಯಾರೋ ಎಸೆದ ಬೀಡಿ, ಪ್ರವಾಸಿಗರು ಆರಿಸದೆ ಬಿಟ್ಟ ಒಲೆ, ಎಲ್ಲವೂ ಸಾಕು. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟದ್ದನ್ನು ನಾವು ಮರೆತಿಲ್ಲ. ವಸಂತದಲ್ಲಿ ಕಾಡಿಗೆ ಹೋಗುವ ಕುಟುಂಬ ಬುತ್ತಿ ತಂದು ತಿನ್ನಲಿ, ಅಡುಗೆ ಮಾತ್ರ ಬೇಡವೇ ಬೇಡ. ಈ ಮಾತಿನಲ್ಲಿ ರಾಜಿಗೆ ಜಾಗವಿಲ್ಲ.

ಈ ಅಭಯಾರಣ್ಯದ ಒಡಲಲ್ಲಿ ಪಿತಳಖೋರಾ ಇದೆ. ಅಜಂತಾ–ಎಲ್ಲೋರಾಕ್ಕೆ ಬರುವ ಜನಸಾಗರದಲ್ಲಿ ಇಲ್ಲಿಗೆ ಬರುವವರು ಬೆರಳೆಣಿಕೆಯಷ್ಟು. ಸಂಭಾಜಿನಗರದಿಂದ ಸುಮಾರು 80 ಕಿಲೋಮೀಟರ್. ಬೆಟ್ಟದ ಮೇಲಿನ ಬಯಲಿನಿಂದ ಮೆಟ್ಟಿಲಿಳಿದು ಕಮರಿಗೆ ಹೋಗಬೇಕು. ಕ್ರಿಸ್ತಪೂರ್ವ ಎರಡನೆಯ ಶತಮಾನದಿಂದ ಕೊರೆದ ಬೌದ್ಧ ಗುಹೆಗಳು, ಕಲ್ಲು ಶಿಥಿಲವಾದ್ದರಿಂದ ಮುಂಭಾಗಗಳು ಕುಸಿದಿವೆ. ಉಳಿದದ್ದೇ ಬೆರಗು ಹುಟ್ಟಿಸುತ್ತದೆ. ಒಂದು ಜಗಲಿಯ ಉದ್ದಕ್ಕೂ ಆನೆಗಳ ಸಾಲು, ಬಾಗಿಲಲ್ಲಿ ಈಟಿ ಹಿಡಿದ ಕಾವಲುಗಾರರು. ಮೆಟ್ಟಿಲ ಪಕ್ಕ ಐದು ಹೆಡೆಯ ನಾಗ. ಬೆಟ್ಟದ ಮೇಲಿನ ನೀರನ್ನು ಕಾಲುವೆಯಲ್ಲಿ ತಂದು ಆ ಹೆಡೆಗಳ ರಂಧ್ರದಿಂದ ಬೀಳಿಸುವ ಏರ್ಪಾಡು ಮಾಡಿದ್ದರು. ಮಗಳೂ ತಮ್ಮನ ಮಗನೂ ರಂಧ್ರಗಳಿಗೆ ಬೆರಳಿಟ್ಟು ನೀರಿನ ದಾರಿ ಹುಡುಕುತ್ತಾ ಕೂತುಬಿಟ್ಟರು, ಎಬ್ಬಿಸುವುದೇ ಕಷ್ಟವಾಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಚೈತ್ಯದ ಕಂಬಗಳ ಮೇಲಿನ ಬರಹ. ಬ್ರಾಹ್ಮಿ ಲಿಪಿಯಲ್ಲಿ ದಾನಿಗಳ ಹೆಸರಿದೆ: ಒಂದು ಕಂಬ ಪೈಠಣದ ಗಂಧದ ವ್ಯಾಪಾರಿ ಮನೆತನದ ಮಿತದೇವನದು, ಇನ್ನೊಂದು ಪೈಠಣದ ಸಂಘಕನ ಮಕ್ಕಳದು. ಪಕ್ಕದ ವಿಹಾರದಲ್ಲಿ ರಾಜವೈದ್ಯ ಮಗಿಲನ ಹೆಸರೂ ಅವನ ಮಕ್ಕಳ ಹೆಸರೂ ಇವೆ. ಅವನೂ ಕುಟುಂಬ ಸಮೇತನಾಗಿಯೇ ಇಲ್ಲಿ ನೆನಪುಳಿದಿದ್ದಾನೆ. ಮೊದಲ ಶತಮಾನದ ಗ್ರೀಕ್ ನಾವಿಕರ ಕೈಪಿಡಿ ಪೆರಿಪ್ಲಸ್, ಪೈಠಣ ಭರೂಚ್ ಬಂದರಿನಿಂದ ಇಪ್ಪತ್ತು ದಿನದ ದಾರಿ, ಪೈಠಣದಿಂದ ಬಂಡಿಗಳಲ್ಲಿ ಸರಕು ಆ ಬಂದರಿಗೆ ಬರುತ್ತದೆ ಎನ್ನುತ್ತದೆ. ಪೈಠಣದಿಂದ ಹೊರಟು ಈ ಬೆಟ್ಟ ಇಳಿಯುವ ಮುನ್ನ ಬಂಡಿ ನಿಲ್ಲುತ್ತಿದ್ದ ಜಾಗ ಇದೇ ಇರಬೇಕು. ನಾವು ಎರಡು ದಿನದಲ್ಲಿ ಹಿಡಿದ ದಾರಿಯೇ ಅದು. 1950ರ ದಶಕದಲ್ಲಿ ಪುರಾತತ್ವ ಇಲಾಖೆ ಇಲ್ಲಿ ಮಣ್ಣು ತೆಗೆದಾಗ ಸಿಕ್ಕ, ನಗುಮುಖದ ಕುಳ್ಳ ಯಕ್ಷ ಈಗ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದ್ದಾನೆ. ಕಡೆದವನು ಕಣ್ಹದಾಸ ಎಂಬ ಅಕ್ಕಸಾಲಿಗ ಎಂದು ಅವನ ಕೈ ಮೇಲೆಯೇ ಬರೆದಿದೆ. ಕಮರಿಯ ಬಂಡೆಗೆ ಹೆಜ್ಜೇನು ಕಟ್ಟುವುದುಂಟು. ಸುಗಂಧ ಹಚ್ಚಿಕೊಂಡು ಹೋಗಬಾರದು, ಕೂಗಾಡಬಾರದು, ಹೊಗೆ ಎಬ್ಬಿಸಬಾರದು.

ಕಮರಿಯ ಅಂಚಿನಲ್ಲಿ ನಿಂತು ಮಕ್ಕಳಿಗೆ ಒಂದು ಪ್ರಶ್ನೆ ಕೇಳಿ: ಇಲ್ಲಿ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ? ಈ ಸಾಲು ಗೋದಾವರಿಗೂ ತಾಪಿಗೂ ನಡುವಿನ ನೀರ್ಗಡಿ. ದಕ್ಷಿಣದ ಇಳಿಜಾರಿನ ಹನಿ ಶಿವನಾ ನದಿ ಸೇರಿ ಗೋದಾವರಿಗೆ, ನಾವು ಹಿಂದಿನ ದಿನ ನೋಡಿದ ನಾಥಸಾಗರಕ್ಕೆ, ಕೊನೆಗೆ ಬಂಗಾಳ ಕೊಲ್ಲಿಗೆ. ಉತ್ತರದ ಹನಿ ಗಿರಣಾ ಸೇರಿ ತಾಪಿಗೆ, ಅರಬ್ಬೀ ಸಮುದ್ರಕ್ಕೆ. ಇಲ್ಲಿಯ ಕಾಡು ಬೋಳಾದರೆ ಕೆಳಗಿನ ಜಲಾಶಯಕ್ಕೆ ಬರುವುದು ಹೂಳು. ಬಿಡಕಿನ್‌ನ ಕಾರ್ಖಾನೆಗೂ ಈ ಮರಗಳಿಗೂ ಇರುವ ನಂಟು ಅಷ್ಟು ನೇರ.

ಬೆಟ್ಟದ ಬುಡದಲ್ಲಿ, ಚಾಳೀಸಗಾಂವ್ ತಾಲ್ಲೂಕಿನಲ್ಲಿ ಪಾಟಣಾದೇವಿಯ ಗುಡಿ. ಇಲ್ಲಿ 1207ರ ಶಾಸನವೊಂದಿದೆ. ದೇವಗಿರಿಯ ಅರಸ ಸಿಂಘಣನ ಆಸ್ಥಾನ ಜ್ಯೋತಿಷಿ ಚಾಂಗದೇವ, ತನ್ನ ತಾತನ ಗ್ರಂಥಗಳನ್ನು ಓದಿಸಲೆಂದೇ ಮಠವೊಂದನ್ನು ಸ್ಥಾಪಿಸಿದ್ದನ್ನು ಅದು ಹೇಳುತ್ತದೆ. ಆ ತಾತ ಭಾಸ್ಕರಾಚಾರ್ಯ, ಲೀಲಾವತಿಯ ಕರ್ತೃ. ಅವರು 1114ರಲ್ಲಿ ಹುಟ್ಟಿದ ಬಿಜ್ಜಡಬೀಡ ವಿಜಯಪುರವೇ ಎಂದು ನಮ್ಮೂರವರು ಹೆಮ್ಮೆಯಿಂದ ಹೇಳುತ್ತೇವೆ; ಇದೇ ಬೆಟ್ಟದ ಸುತ್ತ ಎಂದು ಇಲ್ಲಿಯವರು. ವಾದ ಮುಗಿದಿಲ್ಲ.

ಪಾಟಣಾದೇವಿಗೆ ಇಳಿಯುವ ಔತ್ರಮ್ ಘಾಟ್‌ಗೆ ಖಾನದೇಶದ ಭಿಲ್ಲರ ಪಡೆ ಕಟ್ಟಿದ ಬ್ರಿಟಿಷ್ ಅಧಿಕಾರಿ ಜೇಮ್ಸ್ ಔಟ್ರಮ್‌ನ ಹೆಸರು. ಕಡಿದಾದ ತಿರುವುಗಳು. ಹೈಕೋರ್ಟಿನ ಆದೇಶದಂತೆ 2023ರಿಂದ ಭಾರೀ ವಾಹನಗಳಿಗೆ ನಿರ್ಬಂಧ ಬಂದಿದ್ದರಿಂದ ಕಾರಿಗೆ ಹಾದಿ ಹಗುರಾಗಿದೆ. ಸುರಂಗದ ಪ್ರಸ್ತಾವ ಬಹಳ ಕಾಲದಿಂದ ಇದೆ. ವಾಹನ ಬೆಟ್ಟದೊಳಗೆ ಹೋದರೆ ಮೇಲಿನ ಕಾಡು ಪ್ರಾಣಿಗಳಿಗೆ ಉಳಿಯುತ್ತದೆ. ಆದ್ದರಿಂದ ಅದು ಆಗಲಿ, ಆದರೆ ಕಾಡಿಗೆ ಪೆಟ್ಟಾಗದಂತೆ ಆಗಲಿ ಎಂಬುದು ನನ್ನ ಆಸೆ. ನಾಗಪುರ–ಮುಂಬೈ ಸಮೃದ್ಧಿ ಹೆದ್ದಾರಿಯ 701 ಕಿಲೋಮೀಟರ್ ಉದ್ದದಲ್ಲಿ ಪ್ರಾಣಿಗಳು ದಾಟಲು ಮೇಲ್ಸೇತುವೆ, ಕೆಳದಾರಿ ಮಾಡಿದ್ದಾರೆ. 2019ರಲ್ಲಿ ಟಿಪೇಶ್ವರದ ಇನ್ನೊಂದು ಹುಲಿ ರೇಡಿಯೊ ಕಾಲರ್ ಹೊತ್ತು ಐದು ತಿಂಗಳಲ್ಲಿ 1,300 ಕಿಲೋಮೀಟರ್ ಅಲೆದು ಬುಲಢಾಣಾದ ಜ್ಞಾನಗಂಗಾ ಅಭಯಾರಣ್ಯ ಸೇರಿತ್ತು. ಜ್ಞಾನಗಂಗಾದಿಂದ ಅಜಂತಾ ಬೆಟ್ಟ, ಅಲ್ಲಿಂದ ಗೌತಾಳಾ. ಈ ಸಾಲಿನ ಒಂದು ಕೊಂಡಿ ಕಡಿದರೂ ಮುಂದಿನ ಹುಲಿ ಬರುವುದಿಲ್ಲ.

ನಮಗೆ ಹುಲಿ ಕಾಣಲಿಲ್ಲ. ಕಂಡದ್ದು ಸಂಜೆ ಕೆರೆಗೆ ಬಂದ ನೀಲಗಾಯಿಗಳ ಗುಂಪು, ಧೂಳಿನಲ್ಲಿ ಚಿರತೆಯ ಹೆಜ್ಜೆ. ಮಗಳು ತನ್ನ ಅಂಗೈಯನ್ನು ಅದರ ಪಕ್ಕ ಇಟ್ಟು ಅಳತೆ ನೋಡಿಕೊಂಡಳು. ಹೋಗುವವರು ಹೋಳಿಯಿಂದ ಯುಗಾದಿಯೊಳಗೆ ಹೋಗಿ. ಆಮೇಲೆ ಮಧ್ಯಾಹ್ನದ ಬಿಸಿಲು ವಯಸ್ಸಾದವರಿಗೂ ಮಕ್ಕಳಿಗೂ ತಡೆಯುವುದಿಲ್ಲ. ನೀರು ಕಾರಿನಲ್ಲೇ ಇರಲಿ, ದುರ್ಬೀನು ಒಂದಾದರೂ ಇರಲಿ, ಪಿತಳಖೋರಾಕ್ಕೆ ಬೆಳಿಗ್ಗೆಯೇ ಇಳಿದು ಹತ್ತಿ. ಮಹಾರಾಷ್ಟ್ರ ಅರಣ್ಯ ಇಲಾಖೆ ವೈಶಾಖದ ಬುದ್ಧ ಪೂರ್ಣಿಮೆಯ ರಾತ್ರಿ ಹಲವು ಅಭಯಾರಣ್ಯಗಳಲ್ಲಿ ನೀರಿನ ಹೊಂಡಗಳ ಬಳಿ ಮಚಾನು ಹಾಕಿ, ಬೆಳದಿಂಗಳಲ್ಲಿ ಪ್ರಾಣಿ ಎಣಿಸಲು ನಾಗರಿಕರನ್ನೂ ಕೂರಿಸುತ್ತದೆ. ಹೆಸರು ಮೊದಲೇ ನೋಂದಾಯಿಸಬೇಕು. ತಮ್ಮ ತನ್ನದನ್ನು ಬರೆಸಲು ಹೊರಟಿದ್ದಾನೆ.